ಕಾದ ಮೋಟಾರುಸೈಕಲ್ ಚಾಲನೆಗೊಳ್ಳದಿರುವುದೇಕೆ?

ಪಾಯಿಂಟು-ಕಂಡೆನ್ಸರುಗಳುಳ್ಳ ಹಳೆಯ ಮೋಟಾರುಸೈಕಲ್ಲೊಂದು ಮುಂಜಾನೆ ಒಂದೇ ಒದೆತಕ್ಕೆ ಚಾಲನೆಗೊಳ್ಳುತ್ತದೆ. ಹತ್ತಾರು ಕಿಲೋಮೀಟರು ಓಡಿ ನಿಂತಿತೆಂದರೆ ಎಷ್ಟು ಒದ್ದರೂ ಅಲುಗದು. ಅರ್ಧ ಗಂಟೆ ಆರಿದೊಡನೆ ಏನೂ ಆಗದಂತೆ ಹೊರಡುತ್ತದೆ. ವಿದ್ಯಾರ್ಥಿಗಳೇ, ತಾರ್ಕಿಕರು ಹೇಳುವ ಅನ್ವಯ-ವ್ಯತಿರೇಕ ಇದೇ: ಶಾಖವಿದ್ದಲ್ಲಿ ದೋಷವುಂಟು, ಶಾಖವಿಲ್ಲದಲ್ಲಿ ದೋಷವಿಲ್ಲ. ಆದಕಾರಣ ಪರೀಕ್ಷೆಯನ್ನು ಇಂಜಿನು ಬಿಸಿಯಿರುವಾಗಲೇ ಮಾಡತಕ್ಕದ್ದು. ಆರಿದ ಗಾಡಿಯನ್ನು ದುರಸ್ತಿಗಾರನ ಮುಂದೆ ನಿಲ್ಲಿಸಿದರೆ ಅವನಿಗೆ ಕಾಣುವುದಾದರೂ ಏನು?

ಬೇರೊಂದು ಸ್ಪಾರ್ಕ್ ಪ್ಲಗ್ಗನ್ನು ತಂತಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಇಂಜಿನ್ನಿಗೆ ತಾಗಿಸಿಟ್ಟು ಒದೆಯಬೇಕು. ಬರಿಗೈಯಲ್ಲಿ ಹಿಡಿಯಬಾರದು, ಅದು ಸಾವಿರಾರು ವೋಲ್ಟುಗಳ ಹೊಡೆತ. ಕಿಡಿ ನೀಲಿಯಾಗಿ ಚಟಪಟಿಸಿದರೆ ದೋಷವನ್ನು ಹಳೆಯ ಪ್ಲಗ್ಗಿನಲ್ಲೋ ಪೆಟ್ರೋಲಿನ ದಾರಿಯಲ್ಲೋ ಹುಡುಕಬೇಕು. ಹಳದಿಗಟ್ಟಿದರೆ ಇಲ್ಲವೆ ಬಾರದೆಯೇ ಹೋದರೆ ಮುಖ್ಯ ಶಂಕೆ ಎರಡರ ಮೇಲೆ: ಪಾಯಿಂಟು ತೆರೆಯುವಾಗ ಅಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್, ವೋಲ್ಟೇಜನ್ನು ಏರಿಸುವ ಇಗ್ನಿಷನ್ ಕಾಯಿಲ್. ತಾಮ್ರದ ತಂತಿ 20 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಅದರ ರೋಧ ಶೇಕಡ 30ರಷ್ಟು ಹೆಚ್ಚುವುದು ಸಹಜವೇ. ಸುರುಳಿಯ ಅವಾಹಕ ಲೇಪ ಜೀರ್ಣವಾಗಿ, ಕಾದಾಗ ವಿದ್ಯುತ್ತು ಅಡ್ಡದಾರಿ ಹಿಡಿಯುವುದೇ ಕಾಯಿಲ್ಲಿನ ನಿಜವಾದ ರೋಗ.

ಪಾಯಿಂಟುಗಳ ನಡುವೆಯೇ ಬೆಳಕು ಮಿಂಚುತ್ತಿದ್ದರೆ ಕಂಡೆನ್ಸರನ್ನು ಮೊದಲು ಬದಲಿಸಿರಿ. ಅದು ಅಗ್ಗವೂ ಹೌದು. ನಾನು ಕಾಯಿಲ್ಲನ್ನೇ ಮೊದಲು ಕೊಂಡು ಹಣ ಕಳೆದುಕೊಂಡವನು.