ಶಬ್ದಾರ್ಥನಿರ್ಣಯದಲ್ಲಿ ಗಣಕಯಂತ್ರ

ಶಬ್ದಾರ್ಥನಿರ್ಣಯವು ವೈಯಾಕರಣರಿಗೂ ಮೀಮಾಂಸಕರಿಗೂ ಮೀಸಲಾದ ವಿಷಯವೆಂದು ನಾವು ಪಾಠ ಹೇಳುತ್ತ ಬಂದಿದ್ದೇವೆ. ಆದರೆ ಒಂದು ಕ್ರಿಯಾಪದದ ಅರ್ಥದ ಮೇಲೆ ಮನುಷ್ಯನೊಬ್ಬನ ಐದು ವರ್ಷಗಳ ಸೆರೆವಾಸ ನಿಂತಿರುವಾಗ ಆ ನಿರ್ಣಯವನ್ನು ನ್ಯಾಯಾಧೀಶನೇ ಮಾಡಬೇಕಾಗುತ್ತದೆ. ಈ ಕಾರ್ಯಕ್ಕೆ ಗಣಕಯಂತ್ರವು ಎಷ್ಟರಮಟ್ಟಿಗೆ ಸಹಾಯಕವೆಂಬುದನ್ನು ಅಮೆರಿಕದ ಒಂದು ಮೊಕದ್ದಮೆಯ ಮೂಲಕ ವಿವೇಚಿಸಬಹುದು.

ಯಂತ್ರವು ಮೊದಲು ಬಂದದ್ದು ಕೇವಲ ಹುಡುಕಾಟಕ್ಕಾಗಿ. 1950ರ ದಶಕದ ಕೊನೆಯಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ಕಾಯಿದೆಗಳಲ್ಲಿ ಬುದ್ಧಿಮಾಂದ್ಯ ಮಕ್ಕಳನ್ನು ಕುರಿತ ಒಂದು ಪದವನ್ನು ಎಲ್ಲೆಡೆಯೂ ಬದಲಿಸಬೇಕಾಗಿತ್ತು. ವಿದ್ಯಾರ್ಥಿಗಳು ಓದಿ ಹುಡುಕಿದಾಗ ಲೋಪಗಳು ಉಳಿದವು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಜಾನ್ ಹಾರ್ಟಿಯವರು ಕಾಯಿದೆಗಳನ್ನೆಲ್ಲ ಯಂತ್ರಕ್ಕೆ ಊಡಿಸಿ, ಆ ಪದವಿರುವ ಸ್ಥಳಗಳನ್ನು ಅದರಿಂದಲೇ ತೆಗೆಸಿದರು. ಇದು ನಮ್ಮ ಪದಾನುಕ್ರಮಣಿಕೆಯ ಕೆಲಸವೇ ಸರಿ. 1973ರಲ್ಲಿ ‘ಲೆಕ್ಸಿಸ್’, 1975ರಲ್ಲಿ ‘ವೆಸ್ಟ್‌ಲಾ’ ಸೇವೆಗಳು ಬಂದು ವಕೀಲರಿಗೆ ಈ ಸೌಲಭ್ಯವು ಸಾಮಾನ್ಯವಾಯಿತು.

ಪದವೆಲ್ಲಿದೆ ಎಂಬ ಪ್ರಶ್ನೆಯಿಂದ ಪದಕ್ಕೇನರ್ಥ ಎಂಬ ಪ್ರಶ್ನೆಗೆ ಯಂತ್ರವು ಕಾಲಿಟ್ಟದ್ದನ್ನು 1998ರ ಮಸ್ಕರೆಲ್ಲೊ ಮೊಕದ್ದಮೆಯಲ್ಲಿ ಕಾಣುತ್ತೇವೆ. ಮಾದಕದ್ರವ್ಯದ ಅಪರಾಧದ ಸಂಬಂಧದಲ್ಲಿ ಬಂದೂಕನ್ನು ‘ಕ್ಯಾರಿ’ ಮಾಡಿದವನಿಗೆ ಐದು ವರ್ಷಗಳ ಹೆಚ್ಚಿನ ಶಿಕ್ಷೆಯೆಂದು ಕಾಯಿದೆ. ಆರೋಪಿಯು ಗಾಂಜಾ ಮಾರಲು ಹೋದಾಗ ಪಿಸ್ತೂಲು ಮೈಮೇಲಿರಲಿಲ್ಲ, ವಾಹನದ ಬೀಗ ಹಾಕಿದ ಖಾನೆಯಲ್ಲಿತ್ತು. ‘ಹೊರು’ ಎಂದರ್ಥವಾದರೆ ಅವನು ಪಾರು. ‘ಒಯ್ಯು’ ಎಂದಾದರೆ ಸೆರೆ.

ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್ ಅವರು ನಿಘಂಟುಗಳನ್ನೂ ಬೈಬಲ್ಲನ್ನೂ ‘ರಾಬಿನ್ಸನ್ ಕ್ರೂಸೋ’ವನ್ನೂ ಪರಿಶೀಲಿಸಿದರು. ಆ ಕ್ರಿಯಾಪದವು ಬಂಡಿ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದುದೆಂದೂ ತೋರಿಸಿದರು. ಆದರೆ ಯೋಗಕ್ಕಿಂತ ರೂಢಿ ಬಲವತ್ತರವಷ್ಟೆ! ಆದಕಾರಣ ಗಣಕಯಂತ್ರದಿಂದ ಪತ್ರಿಕೆಗಳನ್ನು ಶೋಧಿಸಿ, ಸಿಕ್ಕ ಸಾವಿರಾರು ವಾಕ್ಯಗಳಲ್ಲಿ ಕೆಲವನ್ನು ಪರೀಕ್ಷಿಸಿ, ಬಹುಶಃ ಮೂರರಲ್ಲೊಂದು ಪಾಲಿಗಿಂತ ಹೆಚ್ಚಿನವು ವಾಹನದಲ್ಲಿ ಒಯ್ಯುವ ಅರ್ಥದವೆಂದರು. ಐವರ ಬಹುಮತದಿಂದ ಶಿಕ್ಷೆ ಸ್ಥಿರವಾಯಿತು. ಭಿನ್ನಮತದ ನಾಲ್ವರ ಪರವಾಗಿ ನ್ಯಾಯಮೂರ್ತಿ ರೂತ್ ಗಿನ್ಸ್‌ಬರ್ಗ್ ಕೇಳಿದರು: ಉಳಿದ ಎರಡು ಪಾಲು ವಾಕ್ಯಗಳ ಅರ್ಥವೇನು?

ಈ ಪ್ರಶ್ನೆಯೇ ನನಗೆ ಹೆಚ್ಚು ಶಾಸ್ತ್ರೀಯವಾಗಿ ತೋರುತ್ತದೆ. ಕೇಶಿರಾಜನು ಸೂತ್ರಸೂತ್ರಕ್ಕೂ ಪೂರ್ವಕವಿಗಳ ಪ್ರಯೋಗಗಳನ್ನು ಕೊಟ್ಟನು. ಆದರೆ ತಲೆಯೆಣಿಸಿ ಸಾಧುತ್ವವನ್ನು ತೀರ್ಮಾನಿಸಲಿಲ್ಲ. ಪೊಲೀಸರು ತಡೆದ ಕಾರು ಪತ್ರಿಕೆಗೆ ಸುದ್ದಿ. ಯಾರೂ ತಡೆಯದ ಕಾರು ಸುದ್ದಿಯಲ್ಲ. ಹಾಗಾಗಿ ಪತ್ರಿಕೆಯೊಳಗಿನ ಸಂಖ್ಯೆಯು ಭಾಷೆಯ ರೂಢಿಯನ್ನಷ್ಟೇ ಅಲ್ಲ, ಸುದ್ದಿಗಾರನ ಆಯ್ಕೆಯನ್ನೂ ಅಳೆಯುತ್ತದೆ. ಭರ್ತೃಹರಿಯು ಅರ್ಥನಿರ್ಣಾಯಕಗಳೆಂದ ಪ್ರಕರಣ, ಔಚಿತ್ಯ, ದೇಶ, ಕಾಲಗಳನ್ನು ತೂಗುವ ಕೆಲಸ ಎಣಿಕೆಯಾದ ಮೇಲೂ ಉಳಿಯುತ್ತದೆ. ಹಾಗೆಂದು ಎಣಿಕೆಯನ್ನು ತಿರಸ್ಕರಿಸುವವನು ನಾನಲ್ಲ. ತನ್ನ ನೆನಪಿಗೆ ಬಂದ ನಾಲ್ಕು ಪ್ರಯೋಗಗಳನ್ನೇ ರೂಢಿಯೆಂದು ಸಾಧಿಸುವ ಪಂಡಿತನಿಗೆ (ನಾನೂ ಅವರಲ್ಲೊಬ್ಬ) ಸಾವಿರ ವಾಕ್ಯಗಳ ಸಾಕ್ಷ್ಯವು ಒಳ್ಳೆಯ ಅಂಕುಶ.

ಮುಂದೆ 2015ರಲ್ಲಿ ಯೂಟಾ ರಾಜ್ಯದ ನ್ಯಾಯಮೂರ್ತಿ ಥಾಮಸ್ ಲೀ ಅವರು ಗುಂಡು ಹಾರಿಸುವುದನ್ನು ಕುರಿತ ಪದವೊಂದಕ್ಕೆ ಭಾಷಾವಿದರು ಸಿದ್ಧಪಡಿಸಿದ ಪದಸಂಚಯವನ್ನೇ ಆಶ್ರಯಿಸಿದರು. ಫಲಿತಾಂಶವನ್ನು ಒಪ್ಪಿದ ಸಹನ್ಯಾಯಾಧೀಶರು ಮಾರ್ಗವನ್ನು ಒಪ್ಪಲಿಲ್ಲ.

ಇದು ನಮಗೆ ದೂರದ ಮಾತಲ್ಲ. ಇಂಗ್ಲಿಷ್ ತೀರ್ಪುಗಳನ್ನು ಭಾರತೀಯ ಭಾಷೆಗಳಿಗೆ ತಿರುಗಿಸುವ ‘ಸುವಾಸ್’ ಎಂಬ ಯಂತ್ರಸಾಧನವನ್ನು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ತಂದಿತು. ಆ ಭಾಷೆಗಳಲ್ಲಿ ಕನ್ನಡವೂ ಒಂದು. ‘ಕ್ಯಾರಿ’ ಎಂಬುದಕ್ಕೆ ಹೊರು, ಒಯ್ಯು, ಸಾಗಿಸು, ಇಟ್ಟುಕೊಂಡಿರು ಎಂಬ ನಾಲ್ಕು ಪದಗಳು ನಮ್ಮಲ್ಲಿವೆ. ಮಸ್ಕರೆಲ್ಲೊ ತೀರ್ಪನ್ನು ಕನ್ನಡಿಸುವವನು ಮೊದಲ ವಾಕ್ಯದಲ್ಲಿ ‘ಹೊರು’ ಎಂದು ಬರೆದರೆ ಭಿನ್ನಮತವು ಗೆದ್ದಂತೆ, ‘ಸಾಗಿಸು’ ಎಂದು ಬರೆದರೆ ವಾದಕ್ಕೆ ಎಡೆಯೇ ಇಲ್ಲದಂತೆ.