ಗದ್ದದ ಮೇಲೆ ಕೂದಲು: ಪಾರ್ಲರಿಗಿಂತ ಮುಂಚೆ ಡಾಕ್ಟರು



ಉಳಿತಾಯ, ಸಾಲದ ಕಂತು ಎಂದರೆ ಸಂಘದ ಸಭೆಯಲ್ಲಿ ಎಲ್ಲರಿಗೂ ಬಾಯಿ ಇದೆ. ಆದರೆ ಮಗಳ ಗದ್ದದಲ್ಲಿ, ಮೇಲ್ದುಟಿಯಲ್ಲಿ ಗಂಡಸರ ಹಾಗೆ ಕಪ್ಪು ಕೂದಲು ಬರುತ್ತಿದೆ ಎಂಬ ಮಾತು ಸಭೆ ಮುಗಿದ ಮೇಲೆ ಬಾಗಿಲ ಹತ್ತಿರ ಮೆಲ್ಲನೆ ಬರುತ್ತದೆ. "ಹೆಣ್ಣು ನೋಡಲು ಬರುವವರಿದ್ದಾರೆ ಸಿಸ್ಟರ್, ಲೇಸರ್ ಮಾಡಿಸಲು ಸಂಘದಿಂದ ಸಾಲ ಸಿಗಬಹುದಾ?" ಸಾಲದ ಮಾತಿಗೆ ಮುಂಚೆ ನಾವು ಕೇಳುವುದು ಇಷ್ಟೇ: ಮುಟ್ಟು ಸರಿಯಾಗಿ ಆಗುತ್ತದಾ?

ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುವುದು, ಮೊಡವೆ, ಕುತ್ತಿಗೆಯ ಹಿಂದೆ ಕಪ್ಪಾಗುವುದು, ಇದರ ಜೊತೆಗೆ ಕೂದಲೂ ಇದ್ದರೆ ಅದು ಹೆಚ್ಚಾಗಿ ಪಿಸಿಓಎಸ್. ಹೆಂಗಸರ ಮೈಯಲ್ಲೂ ಸ್ವಲ್ಪ ಗಂಡು ಹಾರ್ಮೋನು ಇರುತ್ತದೆ. ಇಲ್ಲಿ ಅದು ಜಾಸ್ತಿಯಾಗುತ್ತದೆ. ಹೆರುವ ವಯಸ್ಸಿನ ಸುಮಾರು 10 ಹೆಂಗಸರಲ್ಲಿ ಒಬ್ಬರಿಗೆ ಇದಿದೆ. 20 ಜನರ ಸಂಘದಲ್ಲಿ ಇಬ್ಬರಿಗಿದ್ದರೂ ಆಶ್ಚರ್ಯವಿಲ್ಲ. ಕೂದಲು ಕಣ್ಣಿಗೆ ಕಾಣುತ್ತದೆ, ಒಳಗೆ ಶುರುವಾಗುವ ಸಕ್ಕರೆ ಕಾಯಿಲೆ ಕಾಣುವುದಿಲ್ಲ. ತಿಂಗಳುಗಟ್ಟಲೆ ಮುಟ್ಟು ನಿಂತರೆ ಗರ್ಭಕೋಶದ ಒಳಪದರ ದಪ್ಪವಾಗುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಅಲ್ಲಿ ಕ್ಯಾನ್ಸರಿನ ಅಪಾಯವೂ ಉಂಟು. ಲೇಸರ್ ಇದಕ್ಕೆಲ್ಲ ಮದ್ದಲ್ಲ.

ನಮ್ಮ ಮಂಗಳೂರಿನಲ್ಲೇ ಹೆಂಗಸರಿಗೆಂದು ಲೇಡಿಗೋಷನ್ ಸರಕಾರಿ ಆಸ್ಪತ್ರೆ ಇದೆಯಲ್ಲ. ಮೊದಲು ಅಲ್ಲಿಗೆ ಹೋಗಿ. ರಕ್ತದಲ್ಲಿ ಹಾರ್ಮೋನು, ಥೈರಾಯ್ಡ್, ಸಕ್ಕರೆ ನೋಡುತ್ತಾರೆ, ಬೇಕಾದರೆ ಸ್ಕ್ಯಾನಿಂಗ್ ಮಾಡಿಸುತ್ತಾರೆ. ಕೂದಲು ಕೆಲವೇ ತಿಂಗಳಲ್ಲಿ ಏಕಾಏಕಿ ಹೆಚ್ಚಿ ಸ್ವರವೂ ದಪ್ಪವಾದರೆ ಒಂದು ದಿನವೂ ಕಾಯಬೇಡಿ, ಅದು ಗಡ್ಡೆಯ ಲಕ್ಷಣವಿರಬಹುದು.

ಡಾಕ್ಟರು ಸಾಮಾನ್ಯವಾಗಿ ಮೊದಲು ಬರೆಯುವುದು ಹಾರ್ಮೋನು ಮಾತ್ರೆ. "ಇದು ಮಕ್ಕಳಾಗದಂತೆ ತಿನ್ನುವ ಮಾತ್ರೆಯಲ್ಲವಾ, ಮದುವೆಯಾಗದ ಹುಡುಗಿಗೆ ಹೇಗೆ ಕೊಡುವುದು?" ಎಂದು ತಾಯಂದಿರು ಗಾಬರಿಯಾಗುತ್ತಾರೆ. ಮಾತ್ರೆ ಅದೇ ಹೌದು, ಆದರೆ ಇಲ್ಲಿ ಕೊಡುವುದು ರೋಗಕ್ಕೆ. ಧರ್ಮಸಭೆಯ ಭಯವಿರುವವರಿಗೂ ಹೇಳುತ್ತೇವೆ: ರೋಗ ಗುಣಪಡಿಸಲು ಬೇಕಾದ ಚಿಕಿತ್ಸೆಗೆ ತಡೆಯಿಲ್ಲವೆಂದು 1968ರಲ್ಲಿ ಪೋಪ್ ಆರನೇ ಪೌಲರು ತಮ್ಮ ವಿಶ್ವಪತ್ರದಲ್ಲೇ ಬರೆದಿದ್ದಾರೆ. ಮಾತ್ರೆ ಬಿಟ್ಟ ಮೇಲೆ ಮಕ್ಕಳಾಗುವುದಕ್ಕೂ ಅದು ಅಡ್ಡಿಯಲ್ಲ. ಬಿ.ಪಿ. ನೋಡಿಸದೆ ಮಾತ್ರ ಶುರು ಮಾಡಬಾರದು, ಅಕ್ಕನಿಗೆ ಬರೆದದ್ದನ್ನು ತಂಗಿ ನುಂಗಲೂಬಾರದು.

ಗುಣ ಕಾಣಲು 6 ತಿಂಗಳಾದರೂ ಬೇಕು. ಆಗಲೇ ಬಂದಿರುವ ಕೂದಲು ಉದುರುವುದು ನಿಧಾನ. ಎರಡನೇ ತಿಂಗಳಿಗೇ "ಏನೂ ಆಗಲಿಲ್ಲ" ಎಂದು ಬಿಡುವವರೇ ಜಾಸ್ತಿ. ಮೈ ಭಾರವಿರುವವರು ಸ್ವಲ್ಪ ಇಳಿಸಿದರೂ ಮುಟ್ಟು ಸರಿಯಾಗಲು ಸಹಾಯವಾಗುತ್ತದೆ: 70 ಕಿಲೋ ಇದ್ದವರು ಮೂರೂವರೆ ಕಿಲೋ. ಇಡೀ ದಿನ ಕೂತು ಬೀಡಿ ಕಟ್ಟುವವರು ಸಂಜೆ ಅರ್ಧ ಗಂಟೆ ನಡೆಯಲಿ. ಕುಚ್ಚಲಕ್ಕಿ ಅನ್ನ ಬಿಡಬೇಕೆಂದಿಲ್ಲ, ಎರಡನೇ ಸಲ ಬಡಿಸಿಕೊಳ್ಳುವುದನ್ನು ಬಿಟ್ಟರೆ ಸಾಕು.

ಅಲ್ಲಿಯವರೆಗೆ ಥ್ರೆಡ್ಡಿಂಗ್ ಮಾಡಿಸಬಹುದು, ಬ್ಲೇಡ್ ಹಾಕಿದರೂ ತಪ್ಪಿಲ್ಲ. ಬ್ಲೇಡಿನಿಂದ ಕೂದಲು ದಪ್ಪವಾಗುವುದಿಲ್ಲ, ತುದಿ ಮೊಂಡಾಗಿ ಹಾಗೆ ಕಾಣುತ್ತದೆ ಅಷ್ಟೆ. ಆದರೆ ಬೆಳ್ಳಗಾಗಲು ಎಂದು ಚೀಟಿಯಿಲ್ಲದೆ ತಂದ ಸ್ಟಿರಾಯ್ಡ್ ಕ್ರೀಮ್ ಹಚ್ಚಬೇಡಿ, ಅದರಿಂದಲೇ ಮುಖದಲ್ಲಿ ಕೂದಲು ಬರುವುದುಂಟು.

ಮದ್ದು ಶುರುವಾದ ಮೇಲೂ ಲೇಸರ್ ಬೇಕೆನಿಸಿದರೆ ಚರ್ಮದ ಡಾಕ್ಟರಲ್ಲೇ ಮಾಡಿಸಿ. ನಮ್ಮ ಕಪ್ಪು ಮೈಬಣ್ಣಕ್ಕೆ ತಿಳಿಯದವರು ಮಾಡಿದರೆ ಸುಟ್ಟ ಕಲೆ ಬೀಳುತ್ತದೆ. ಒಂದು ಸಲಕ್ಕೆ ಮುಗಿಯುವುದಿಲ್ಲ. ಎಷ್ಟು ಸಲ, ಒಟ್ಟು ಎಷ್ಟು ರೂಪಾಯಿ ಎಂದು ಬರೆಸಿಕೊಂಡು ಬಂದು ಸಾಲದ ಅರ್ಜಿ ಕೊಡಿ.