ದಯೆಯಿಂದ ಹಕ್ಕಿಗೆ

ರೋಗಕ್ಕೆ ಅರಮನೆಯೂ ಒಂದೇ, ಗುಡಿಸಲೂ ಒಂದೇ. ಅದು ಯಾರ ಮನೆಯನ್ನಾದರೂ ಹೇಳದೆ ಕೇಳದೆ ಹೊಕ್ಕುಬಿಡುತ್ತದೆ. ಚಿಕಿತ್ಸೆಯ ಮಾತು ಹಾಗಲ್ಲ. ಹಣವುಳ್ಳವನ ಮನೆಗೆ ಅದು ಬೇಗ ಬರುತ್ತದೆ. ಇಲ್ಲದವನ ಮನೆಗೆ ತಡವಾಗಿ ಬರುತ್ತದೆ, ಕೆಲವೊಮ್ಮೆ ಬಾರದೆಯೂ ಹೋಗುತ್ತದೆ. ದುಡಿದು ತಿನ್ನುವ ಸಂಸಾರದಲ್ಲಿ ಯಜಮಾನನು ಹಾಸಿಗೆ ಹಿಡಿದನೆಂದರೆ ಎರಡು ಪೆಟ್ಟುಗಳು ಒಟ್ಟಿಗೆ ಬೀಳುತ್ತವೆ: ಬರುವ ಸಂಪಾದನೆ ನಿಲ್ಲುತ್ತದೆ, ಹೋಗುವ ಹಣ ಹೆಚ್ಚುತ್ತದೆ. ಹೊಲ ಮಾರಿ, ಒಡವೆ ಅಡವಿಟ್ಟು ಗುಣ ಹೊಂದಿದವನು ಮುಂದೆ ಸಾಲವೆಂಬ ಇನ್ನೊಂದು ರೋಗವನ್ನು ಹೊತ್ತು ಬಾಳಬೇಕಾಗುತ್ತದೆ.

ಹಾಗಾದರೆ ಚಿಕಿತ್ಸೆಯ ವೆಚ್ಚವನ್ನು ಹೊರಬೇಕಾದವರು ಯಾರು? ರೋಗಿಯೇ ಹೊರಲಿ ಎಂಬುದು ಒಂದು ಉತ್ತರ. ವಿಮಾ ಸಂಸ್ಥೆಗೆ ಕಂತು ಕಟ್ಟಿ ಭದ್ರತೆಯನ್ನು ಕೊಂಡುಕೊಳ್ಳಲಿ ಎಂಬುದು ಮತ್ತೊಂದು. ಇಡೀ ಸಮಾಜವೇ ಸರ್ಕಾರದ ಮೂಲಕ ಆ ಹೊರೆಯನ್ನು ಹಂಚಿಕೊಳ್ಳಲಿ ಎಂಬುದು ಮೂರನೆಯದು. ಈ ಮೂರು ಉತ್ತರಗಳ ನಡುವಣ ವಾದವು ಅನೇಕ ದೇಶಗಳಲ್ಲಿ ನಡೆದಿದೆ. ಕೆನಡಾ ದೇಶದ ಸಸ್ಕ್ಯಾಚೆವಾನ್ ಎಂಬ ಪ್ರಾಂತದಲ್ಲಂತೂ ಅದು ಎಷ್ಟು ತೀವ್ರವಾಯಿತೆಂದರೆ, 1962ರಲ್ಲಿ ಅಲ್ಲಿನ ಬಹುಪಾಲು ವೈದ್ಯರು ಇಪ್ಪತ್ತಮೂರು ದಿನಗಳ ಕಾಲ ತಮ್ಮ ಚಿಕಿತ್ಸಾಲಯಗಳ ಬಾಗಿಲನ್ನು ಮುಚ್ಚಿಬಿಟ್ಟರು. ಆ ಕಥೆಯು ತಿಳಿಯತಕ್ಕದ್ದಾಗಿದೆ.

ಸಸ್ಕ್ಯಾಚೆವಾನ್ ಕೆನಡಾದ ಹುಲ್ಲುಗಾವಲಿನ ಸೀಮೆ. ವಿಸ್ತಾರದಲ್ಲಿ ಅದು ಕರ್ನಾಟಕದ ಮೂರರಷ್ಟಕ್ಕಿಂತಲೂ ದೊಡ್ಡದು. ಜನಸಂಖ್ಯೆಯಾದರೋ 1961ರಲ್ಲಿ ಸುಮಾರು ಒಂಬತ್ತೂಕಾಲು ಲಕ್ಷ ಮಾತ್ರ. ಕಣ್ಣು ಹಾಯುವಷ್ಟು ದೂರ ಗೋಧಿಯ ಹೊಲಗಳು. ನಡುವೆ ಅಲ್ಲೊಂದು ಇಲ್ಲೊಂದು ಊರು. ಚಳಿಗಾಲ ಬಂತೆಂದರೆ ದಾರಿಗಳೆಲ್ಲ ಹಿಮದಲ್ಲಿ ಹೂತುಹೋಗುತ್ತವೆ. ಇಂಥ ನಾಡಿನಲ್ಲಿ ಒಬ್ಬಂಟಿಯಾಗಿ ಬದುಕುವುದು ಸಾಧ್ಯವಿಲ್ಲವೆಂಬ ಪಾಠವನ್ನು ರೈತರು ಬೇಗನೆ ಕಲಿತರು. ಧಾನ್ಯದ ಮಾರಾಟಕ್ಕೆ ಸಹಕಾರ ಸಂಘಗಳನ್ನು ಕಟ್ಟಿದರು. ವೈದ್ಯರ ವಿಷಯದಲ್ಲಿಯೂ ಹಾಗೆಯೇ ಮಾಡಿದರು. 1915ರ ಸುಮಾರಿಗೆ ಸಾರ್ನಿಯಾ ಎಂಬ ಗ್ರಾಮಾಂತರ ಸ್ಥಳೀಯ ಸಂಸ್ಥೆಯು ತನ್ನ ಪ್ರದೇಶದ ವೈದ್ಯರು ಊರು ಬಿಟ್ಟು ಹೋಗದಂತೆ ಅವರಿಗೆ ತೆರಿಗೆಯ ಹಣದಿಂದ 1500 ಡಾಲರುಗಳನ್ನು ಕೊಡಲು ಒಪ್ಪಿತು. ಮುಂದೆ ಈ ಪದ್ಧತಿಗೆ ಪ್ರಾಂತದ ಕಾನೂನಿನ ಬೆಂಬಲವೂ ದೊರೆಯಿತು. ಹನಿ ಹನಿ ಕೂಡಿದರೆ ಹಳ್ಳವೆಂಬ ಮಾತು ಅಲ್ಲಿ ಹೀಗೆ ಕಾರ್ಯರೂಪಕ್ಕೆ ಬಂತು.

ಆದರೆ 1930ರ ದಶಕದಲ್ಲಿ ಆ ಹಳ್ಳವೇ ಬತ್ತಿತು. ಜಗತ್ತನ್ನೆಲ್ಲ ಕಾಡಿದ ಆರ್ಥಿಕ ಮುಗ್ಗಟ್ಟಿನಿಂದ ಗೋಧಿಯ ಬೆಲೆ ಕುಸಿಯಿತು. ವರ್ಷಗಟ್ಟಲೆ ಮಳೆ ಬಾರದೆ ಹೊಲಗಳ ಮಣ್ಣು ಧೂಳಾಗಿ ಹಾರಿಹೋಯಿತು. ರೋಗಿಗಳಲ್ಲಿ ಹಣವಿರಲಿಲ್ಲ, ವೈದ್ಯರಿಗೆ ಬರಬೇಕಾದುದು ಬರುತ್ತಿರಲಿಲ್ಲ. ಆ ಕಾಲದಲ್ಲಿ ವೇಬರ್ನ್ ಎಂಬ ಪಟ್ಟಣದ ಚರ್ಚಿನಲ್ಲಿ ಪಾದ್ರಿಯಾಗಿದ್ದವರು ಟಾಮಿ ಡಗ್ಲಸರು. ಸಕಾಲದಲ್ಲಿ ಚಿಕಿತ್ಸೆ ದೊರೆಯದೆ ತೀರಿಹೋದವರ ಉತ್ತರಕ್ರಿಯೆಯನ್ನು ಅವರು ನಡೆಸಬೇಕಾಗಿ ಬಂದಿತ್ತು.

ಡಗ್ಲಸರು ಹುಟ್ಟಿದ್ದು 1904ರಲ್ಲಿ, ಸ್ಕಾಟ್ಲೆಂಡಿನ ಫಾಲ್ಕರ್ಕ್ ಊರಿನಲ್ಲಿ. ತಂದೆ ಕಬ್ಬಿಣದ ಎರಕದ ಕೆಲಸಗಾರರು. ಬಾಲ್ಯದಲ್ಲಿ ಬಿದ್ದು ಮೊಣಕಾಲಿಗಾದ ಗಾಯವು ಮೂಳೆಯ ಸೋಂಕಾಗಿ ಬೆಳೆಯಿತು. ಕುಟುಂಬವು ಕೆನಡಾದ ವಿನ್ನಿಪೆಗ್ ನಗರಕ್ಕೆ ಬಂದು ನೆಲೆಸಿದಾಗ ನೋವು ಉಲ್ಬಣಿಸಿತು. ಕಾಲನ್ನೇ ಕತ್ತರಿಸಬೇಕೆಂದು ಆಸ್ಪತ್ರೆಯಲ್ಲಿ ಹೇಳಿದರು. ಹೆಸರಾಂತ ಶಸ್ತ್ರವೈದ್ಯರ ಬಳಿಗೆ ಹೋಗಲು ತಂದೆತಾಯಿಗಳಲ್ಲಿ ಹಣವಿರಲಿಲ್ಲ. ಅಷ್ಟರಲ್ಲಿ ಮೂಳೆರೋಗದ ತಜ್ಞರೊಬ್ಬರು ಹುಡುಗನನ್ನು ಕಂಡು, ತಮ್ಮ ವಿದ್ಯಾರ್ಥಿಗಳಿಗೆ ಪಾಠವಾಗುವಂತೆ ಅವರ ಎದುರಿನಲ್ಲಿ ಶಸ್ತ್ರಕ್ರಿಯೆ ಮಾಡಲು ಒಪ್ಪುವುದಾದರೆ ಹಣ ಪಡೆಯದೆ ಚಿಕಿತ್ಸೆ ನೀಡುವೆನೆಂದರು. ಕಾಲು ಉಳಿಯಿತು. ಮುಂದೆ ಅದೇ ಹುಡುಗನು ತನ್ನ ಪ್ರಾಂತದ ಹಗುರ ತೂಕದ ಮುಷ್ಟಿಯುದ್ಧದಲ್ಲಿ ಪ್ರಶಸ್ತಿಯನ್ನೂ ಗೆದ್ದನು.

ಡಗ್ಲಸರು ಆ ವೈದ್ಯರ ಉಪಕಾರವನ್ನು ಮರೆಯಲಿಲ್ಲ. ಆದರೆ ಕೃತಜ್ಞತೆಯ ಜೊತೆಗೆ ಒಂದು ಪ್ರಶ್ನೆಯೂ ಅವರ ಮನಸ್ಸಿನಲ್ಲಿ ಬೇರೂರಿತು. ಆ ದಿನ ಆ ವೈದ್ಯರು ಆ ದಾರಿಯಾಗಿ ಬಾರದೆ ಇದ್ದಿದ್ದರೆ ಏನಾಗುತ್ತಿತ್ತು? ಒಂದು ಮಗುವಿನ ಕಾಲು ಉಳಿಯುವುದೂ ಹೋಗುವುದೂ ಒಬ್ಬರ ದಯೆಯನ್ನು, ಒಂದು ಗಳಿಗೆಯ ಅದೃಷ್ಟವನ್ನು ಅವಲಂಬಿಸಬೇಕೆ? ದಯೆಯು ದೊಡ್ಡ ಗುಣವೇ ಸರಿ. ಆದರೆ ಅದು ಎಲ್ಲರ ಬಳಿಗೂ ಸಕಾಲದಲ್ಲಿ ಬಂದೇ ಬರುತ್ತದೆಂಬ ಭರವಸೆಯಿಲ್ಲ. ಚಿಕಿತ್ಸೆಯು ಪ್ರಜೆಯ ಹಕ್ಕಾಗಬೇಕೆಂಬ ನಿಶ್ಚಯಕ್ಕೆ ಅವರು ಬಂದರು. ಚರ್ಚಿನ ವೇದಿಕೆಯಿಂದ ರಾಜಕೀಯಕ್ಕಿಳಿದು, 1944ರಲ್ಲಿ ಸಸ್ಕ್ಯಾಚೆವಾನ್ ಪ್ರಾಂತದ ಮುಖ್ಯಮಂತ್ರಿಗಳಾದರು.

ಅವರು ಕೆಲಸವನ್ನು ಹಂತಹಂತವಾಗಿ ನಡೆಸಿದರು. 1946ರಲ್ಲಿ ಸ್ವಿಫ್ಟ್ ಕರೆಂಟ್ ಎಂಬ ಪ್ರದೇಶದಲ್ಲಿ ಎಲ್ಲ ನಿವಾಸಿಗಳಿಗೂ ವೈದ್ಯಸೇವೆ ಒದಗಿಸುವ ಯೋಜನೆಯು ಆರಂಭವಾಯಿತು. 1947ರ ಜನವರಿ 1ರಿಂದ ಇಡೀ ಪ್ರಾಂತಕ್ಕೆ ಆಸ್ಪತ್ರೆ ವಿಮೆಯು ಜಾರಿಗೆ ಬಂತು. ವರ್ಷಕ್ಕೆ ಒಬ್ಬರಿಗೆ 5 ಡಾಲರು, ಕುಟುಂಬವೊಂದಕ್ಕೆ ಹೆಚ್ಚೆಂದರೆ 30 ಡಾಲರು. ಅಷ್ಟನ್ನು ಕಟ್ಟಿದವರಿಗೆ ಆಸ್ಪತ್ರೆಯ ಲೆಕ್ಕಪಟ್ಟಿಯ ಭಯ ತಪ್ಪಿತು. ಹತ್ತು ವರ್ಷಗಳ ಬಳಿಕ, 1957ರಲ್ಲಿ, ಕೆನಡಾದ ಕೇಂದ್ರ ಸರ್ಕಾರವು ಇಂಥ ಆಸ್ಪತ್ರೆ ವಿಮೆಯ ವೆಚ್ಚದಲ್ಲಿ ಸುಮಾರು ಅರ್ಧವನ್ನು ತಾನು ಕೊಡುವುದಾಗಿ ಶಾಸನ ಮಾಡಿತು. ಅದರಿಂದ ಪ್ರಾಂತದ ಬೊಕ್ಕಸದಲ್ಲಿ ಉಳಿದ ಹಣವನ್ನು ಮುಂದಿನ ಹಂತಕ್ಕೆ ಬಳಸಲು ಸಾಧ್ಯವಾಯಿತು. ಆಸ್ಪತ್ರೆಯ ಹೊರಗೂ ಒಳಗೂ ವೈದ್ಯರು ನೀಡುವ ಸೇವೆಗೂ ವಿಮೆಯನ್ನು ವಿಸ್ತರಿಸುವುದಾಗಿ 1959ರ ಡಿಸೆಂಬರಿನಲ್ಲಿ ಡಗ್ಲಸರು ಘೋಷಿಸಿದರು.

ಇಲ್ಲಿಂದ ವಿರೋಧವು ಆರಂಭವಾಯಿತು. ವೈದ್ಯರ ಸಂಘಟನೆಯು ಯೋಜನೆಯನ್ನು ಬಲವಾಗಿ ಅಲ್ಲಗಳೆಯಿತು. ಅವರೆಲ್ಲರೂ ಹಣದಾಸೆಯಿಂದಲೇ ವಿರೋಧಿಸಿದರೆಂದು ಹೇಳುವುದು ನ್ಯಾಯವಲ್ಲ. ರೋಗಿಗೂ ವೈದ್ಯನಿಗೂ ನಡುವೆ ಸರ್ಕಾರದ ಅಧಿಕಾರಿಯು ಬಂದು ನಿಲ್ಲುವನೆಂದು ಅವರು ಅಂಜಿದರು. ಹಣ ಕೊಡುವವನೇ ಚಿಕಿತ್ಸೆ ಹೇಗಿರಬೇಕೆಂದು ಆಜ್ಞಾಪಿಸುವ ಕಾಲ ಬಂದರೆ ವೈದ್ಯನ ವಿವೇಚನೆಗೆ ಬೆಲೆಯೆಲ್ಲಿ ಎಂದು ಕೇಳಿದರು. ವೈದ್ಯರೇ ಬೆಂಬಲಿಸಿದ ಸ್ವಯಂಪ್ರೇರಿತ ವಿಮಾ ಸಂಘಗಳು ಆಗಲೇ ಇದ್ದವು. ಅವನ್ನು ಹಾಗೆಯೇ ಬೆಳೆಯಗೊಟ್ಟು, ಕಂತು ಕಟ್ಟಲಾರದ ಬಡವರಿಗೆ ಮಾತ್ರ ಸರ್ಕಾರವು ನೆರವಾದರೆ ಸಾಲದೆ ಎಂಬುದು ಅವರ ವಾದವಾಗಿತ್ತು.

ಈ ವಾದಕ್ಕೆ ಉತ್ತರವಿತ್ತು. ವಿಮೆಯೆಂದರೆ ಅನೇಕರು ಸ್ವಲ್ಪ ಸ್ವಲ್ಪ ಹಣವನ್ನು ಕೂಡಿಸಿ, ಅವರಲ್ಲಿ ಕಷ್ಟಕ್ಕೆ ಸಿಲುಕಿದವರಿಗೆ ಅದನ್ನು ಬಳಸುವ ಏರ್ಪಾಡು. ಆದರೆ ಸೇರುವುದೂ ಬಿಡುವುದೂ ಅವರವರ ಇಚ್ಛೆಗೆ ಬಿಟ್ಟದ್ದಾದರೆ ಗಟ್ಟಿಮುಟ್ಟಾದ ಯುವಕರು ದೂರ ಉಳಿಯುತ್ತಾರೆ. ರೋಗದ ಭಯವುಳ್ಳವರು ಮುಂದೆ ಬರುತ್ತಾರೆ. ಆಗ ವೆಚ್ಚ ಏರುತ್ತದೆ, ಕಂತೂ ಏರುತ್ತದೆ. ನಷ್ಟವನ್ನು ತಪ್ಪಿಸಿಕೊಳ್ಳಲು ವಿಮಾ ಸಂಸ್ಥೆಯು ಮುದುಕರನ್ನೂ ಈಗಾಗಲೇ ರೋಗಿಗಳಾಗಿರುವವರನ್ನೂ ಸೇರಿಸಿಕೊಳ್ಳಲು ಹಿಂಜರಿಯುತ್ತದೆ, ಇಲ್ಲವೇ ಅವರಿಂದ ಹೆಚ್ಚು ಹಣ ಕೇಳುತ್ತದೆ. ಕೊಡೆಯ ಅಗತ್ಯ ಮಳೆಯಲ್ಲಿ ನಿಂತವನಿಗೆ. ಅದು ದೊರೆಯುವುದು ಮಾತ್ರ ಮನೆಯೊಳಗೆ ಕುಳಿತವನಿಗೆ! ಎಲ್ಲರೂ ಸೇರಿದ ವಿಮೆಯಲ್ಲಿ ಈ ದೋಷವಿಲ್ಲ. ಅಲ್ಲದೆ ಬಡವರಿಗೆ ಮಾತ್ರ ನೆರವೆಂದರೆ, ಪ್ರತಿಯೊಬ್ಬನೂ ತಾನು ಬಡವನೆಂದು ಅಧಿಕಾರಿಗಳ ಮುಂದೆ ರುಜುವಾತು ಮಾಡಬೇಕಾಗುತ್ತದೆ. ಹಾಸಿಗೆ ಹಿಡಿದವನಿಗೆ ಆ ಅವಮಾನವೂ ಬೇಕೆ?

1961ರ ನವೆಂಬರಿನಲ್ಲಿ ಮಸೂದೆಯು ಶಾಸನವಾಯಿತು. ಆ ವೇಳೆಗೆ ಡಗ್ಲಸರು ಹೊಸ ರಾಷ್ಟ್ರೀಯ ಪಕ್ಷವೊಂದರ ನಾಯಕತ್ವವನ್ನು ವಹಿಸಿಕೊಂಡು ಹೊರಟಿದ್ದರು. ಅವರ ಸ್ಥಾನಕ್ಕೆ ಬಂದವರು ವುಡ್ರೋ ಲಾಯ್ಡ್. ಇವರು ಮೊದಲು ಶಾಲೆಯ ಉಪಾಧ್ಯಾಯರಾಗಿದ್ದವರು; ಹದಿನಾರು ವರ್ಷ ಶಿಕ್ಷಣ ಮಂತ್ರಿಗಳಾಗಿದ್ದವರು; ಮಿತಭಾಷಿಗಳು. ಬಿರುಗಾಳಿಯನ್ನು ಎದುರಿಸುವ ಪಾಲು ಇವರದಾಯಿತು.

1962ರ ಜುಲೈ 1ರಂದು ಯೋಜನೆಯು ಜಾರಿಗೆ ಬಂತು. ಅಂದೇ ವೈದ್ಯರ ಮುಷ್ಕರವೂ ಮೊದಲಾಯಿತು. ಕೆಲವು ಆಸ್ಪತ್ರೆಗಳಲ್ಲಿ ಮಾತ್ರ ತುರ್ತು ಚಿಕಿತ್ಸೆಗೆ ವೈದ್ಯರು ನಿಂತರು. ಮೊದಲ ದಿನವೇ, ವೈದ್ಯರನ್ನು ಅರಸುತ್ತ ಊರಿಂದೂರಿಗೆ ಸಾಗುತ್ತಿದ್ದ ತಂದೆತಾಯಿಗಳ ಬಳಿಯಲ್ಲೇ ಒಂಬತ್ತು ತಿಂಗಳ ಕೂಸೊಂದು ಅಸುನೀಗಿತು. ಪ್ರಾಂತವೆಲ್ಲ ತಲ್ಲಣಿಸಿತು. ನೆರೆಹೊರೆಯವರು ಮಾತು ಬಿಟ್ಟರು. ಒಂದೇ ಮನೆಯಲ್ಲಿ ಎರಡು ಪಕ್ಷಗಳಾದವು. ಸರ್ಕಾರವು ಬ್ರಿಟನ್ ಮೊದಲಾದ ಕಡೆಗಳಿಂದ ವೈದ್ಯರನ್ನು ಕರೆಸಿತು. ಕೆಲವು ಊರುಗಳಲ್ಲಿ ಜನರೇ ಸಹಕಾರ ತತ್ತ್ವದ ಮೇಲೆ ಚಿಕಿತ್ಸಾಲಯಗಳನ್ನು ತೆರೆದರು. ಜುಲೈ 11ರಂದು ರಾಜಧಾನಿ ರಿಜೈನಾದಲ್ಲಿ ಯೋಜನೆಯ ವಿರೋಧಿಗಳು ದೊಡ್ಡ ಸಭೆಯೊಂದನ್ನು ಕರೆದರು. ಹತ್ತಾರು ಸಾವಿರ ಜನರನ್ನು ಅವರು ನಿರೀಕ್ಷಿಸಿದ್ದರು. ನೆರೆದವರು ಸುಮಾರು ನಾಲ್ಕೈದು ಸಾವಿರ. ಗಾಳಿಯ ದಿಕ್ಕು ಬದಲಾಗುತ್ತಿರುವುದು ಇದರಿಂದ ತಿಳಿದುಬಂತು.

ಲಾಯ್ಡರು ಮಣಿಯಲೂ ಇಲ್ಲ, ಸೇಡಿನ ಮಾತನ್ನೂ ಆಡಲಿಲ್ಲ. ಬ್ರಿಟನ್ನಿನಲ್ಲಿ 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆಯು ಆರಂಭವಾದ ದಿನಗಳ ಅನುಭವವಿದ್ದ, ಸ್ವತಃ ವೈದ್ಯರೇ ಆದ ಲಾರ್ಡ್ ಟೇಲರ್ ಸಂಧಾನಕ್ಕೆ ನೆರವಾದರು. ಜುಲೈ 23ರಂದು ಸಸ್ಕಾಟೂನ್ ನಗರದಲ್ಲಿ ಒಪ್ಪಂದವಾಯಿತು. ಎಲ್ಲರಿಗೂ ವಿಮೆ ಎಂಬ ಮೂಲತತ್ತ್ವವು ಉಳಿಯಿತು. ವೈದ್ಯರು ಸರ್ಕಾರದ ನೌಕರರಾಗಲಿಲ್ಲ. ತಮ್ಮ ಚಿಕಿತ್ಸಾಲಯಗಳನ್ನು ತಾವೇ ನಡೆಸುತ್ತ, ಪ್ರತಿಯೊಂದು ಸೇವೆಗೂ ಗೊತ್ತಾದ ಶುಲ್ಕವನ್ನು ಪಡೆಯುವ ಸ್ವಾತಂತ್ರ್ಯ ಅವರಿಗೆ ಉಳಿಯಿತು. ತನ್ನ ವೈದ್ಯರನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ರೋಗಿಗೂ ಉಳಿಯಿತು. ವಸೂಲಾಗದ ಬಾಕಿಯ ಚಿಂತೆ ವೈದ್ಯರಿಗೆ ತಪ್ಪಿದುದು ಕ್ರಮೇಣ ಅವರ ಅನುಭವಕ್ಕೆ ಬಂತು.

ಯೋಜನೆಯನ್ನು ತಂದವರಿಗೆ ಅದರ ಫಲ ಕೂಡಲೇ ದೊರೆಯಲಿಲ್ಲ. ಡಗ್ಲಸರು 1962ರ ಜೂನಿನ ಲೋಕಸಭಾ ಚುನಾವಣೆಯಲ್ಲಿ ರಿಜೈನಾದಲ್ಲಿಯೇ ಸೋತರು. 1964ರಲ್ಲಿ ಲಾಯ್ಡರ ಪಕ್ಷವೂ ಅಧಿಕಾರ ಕಳೆದುಕೊಂಡಿತು. ಆದರೆ ಅಧಿಕಾರಕ್ಕೆ ಬಂದ ಎದುರುಪಕ್ಷದವರು ಯೋಜನೆಯನ್ನು ರದ್ದುಮಾಡಲಿಲ್ಲ. ಜನರು ಅದನ್ನು ತಮ್ಮದೆಂದು ತಿಳಿದಿದ್ದರು.

ಅದೇ ವರ್ಷ, ನ್ಯಾಯಾಧೀಶ ಎಮ್ಮೆಟ್ ಹಾಲ್ ಅವರ ಅಧ್ಯಕ್ಷತೆಯ ಆಯೋಗವು ಇಂಥ ವಿಮೆಯು ಕೆನಡಾದ ಎಲ್ಲ ಪ್ರಜೆಗಳಿಗೂ ದೊರೆಯಬೇಕೆಂದು ಶಿಫಾರಸು ಮಾಡಿತು. ಆ ಆಯೋಗವನ್ನು ನೇಮಿಸಿದವರು ಡಗ್ಲಸರ ಪಕ್ಷದವರಲ್ಲ. ಕನ್ಸರ್ವೇಟಿವ್ ಪಕ್ಷದ ಪ್ರಧಾನಿ ಡೀಫನ್‌ಬೇಕರ್. 1966ರಲ್ಲಿ ಶಾಸನವನ್ನು ತಂದವರು ಲಿಬರಲ್ ಪಕ್ಷದ ಪ್ರಧಾನಿ ಪಿಯರ್‌ಸನ್. 1971ರ ವೇಳೆಗೆ ಹತ್ತು ಪ್ರಾಂತಗಳೂ ಯೋಜನೆಗೆ ಸೇರಿದವು. ವಿಮೆಗೆ ಒಳಪಟ್ಟ ಸೇವೆಗಾಗಿ ರೋಗಿಯಿಂದ ಪ್ರತ್ಯೇಕ ಹಣ ಪಡೆಯುವುದನ್ನು ತಡೆಯುವ ಕಾಯಿದೆಯನ್ನು 1984ರಲ್ಲಿ ಸಂಸತ್ತು ಸರ್ವಾನುಮತದಿಂದ ಅಂಗೀಕರಿಸಿತು.

ನೆರೆಯ ಅಮೆರಿಕ ಸಂಯುಕ್ತ ಸಂಸ್ಥಾನವು ಬೇರೆ ದಾರಿ ಹಿಡಿಯಿತು. 1945ರಲ್ಲಿ ಅಧ್ಯಕ್ಷ ಟ್ರೂಮನ್ ರಾಷ್ಟ್ರೀಯ ಆರೋಗ್ಯ ವಿಮೆಯನ್ನು ಸೂಚಿಸಿದರೂ ಅದು ಕೈಗೂಡಲಿಲ್ಲ. 1965ರಲ್ಲಿ ವೃದ್ಧರಿಗೂ ಬಡವರಿಗೂ ಸರ್ಕಾರಿ ವಿಮೆಗಳು ಬಂದವು. ಉಳಿದವರು ಹೆಚ್ಚಾಗಿ ಉದ್ಯೋಗದ ಮೂಲಕ ದೊರೆಯುವ ಖಾಸಗಿ ವಿಮೆಯನ್ನು ನೆಚ್ಚಿಕೊಂಡರು. ಕೆಲಸ ಹೋದರೆ ವಿಮೆಯೂ ಹೋಗುವ ಸ್ಥಿತಿ ಅನೇಕರದಾಯಿತು. ರೋಗವಿದೆಯೆಂಬ ಕಾರಣಕ್ಕೆ ವಿಮೆಯನ್ನು ನಿರಾಕರಿಸಬಾರದೆಂಬ ನಿಯಮವನ್ನು 2010ರ ಶಾಸನವು ತಂದಿತಾದರೂ, ಆ ಸಂಪನ್ನ ರಾಷ್ಟ್ರದಲ್ಲಿ ಇಂದಿಗೂ ಎರಡು ಕೋಟಿಗಿಂತ ಹೆಚ್ಚು ಜನ ವಿಮೆಯಿಲ್ಲದೆ ಇದ್ದಾರೆ.

ಕೆನಡಾದ ಏರ್ಪಾಡು ದೋಷರಹಿತವೆಂದು ತಿಳಿಯಬಾರದು. ತುರ್ತಲ್ಲದ ಶಸ್ತ್ರಕ್ರಿಯೆಗೆ ರೋಗಿಗಳು ತಿಂಗಳುಗಟ್ಟಲೆ ಕಾಯಬೇಕಾದ ಸಂದರ್ಭಗಳುಂಟು. ಈ ವಿಳಂಬದ ಪ್ರಶ್ನೆಯು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, 2005ರಲ್ಲಿ ಕ್ವಿಬೆಕ್ ಪ್ರಾಂತದ ಮೊಕದ್ದಮೆಯೊಂದರಲ್ಲಿ, ಖಾಸಗಿ ವಿಮೆಯ ಮೇಲಿನ ಅಲ್ಲಿನ ನಿಷೇಧವು ನಿಲ್ಲತಕ್ಕದ್ದಲ್ಲವೆಂದು ತೀರ್ಪಾಯಿತು. ಹಲ್ಲಿನ ಚಿಕಿತ್ಸೆ, ಆಸ್ಪತ್ರೆಯ ಹೊರಗೆ ಕೊಳ್ಳುವ ಔಷಧಿ ಮೊದಲಾದವು ಬಹುಕಾಲ ಯೋಜನೆಯ ಹೊರಗೇ ಉಳಿದವು. ಸರ್ಕಾರವು ಹಣವನ್ನು ಕೊಟ್ಟ ಮಾತ್ರಕ್ಕೆ ವೈದ್ಯರೂ ದಾದಿಯರೂ ತಾವಾಗಿಯೇ ಹುಟ್ಟಿಬರುವುದಿಲ್ಲ. ಹಕ್ಕನ್ನು ಕಾಗದದ ಮೇಲೆ ಬರೆಯುವುದು ಒಂದು ಸಾಧನೆ. ಅದನ್ನು ರೋಗಿಯ ಹಾಸಿಗೆಯವರೆಗೆ ಮುಟ್ಟಿಸುವುದು ಅದಕ್ಕಿಂತ ದೊಡ್ಡ ಸಾಧನೆ.

2004ರಲ್ಲಿ ಕೆನಡಾದ ಸಾರ್ವಜನಿಕ ದೂರದರ್ಶನ ಸಂಸ್ಥೆಯು ನಾಡಿನ ಅತ್ಯಂತ ಶ್ರೇಷ್ಠ ವ್ಯಕ್ತಿ ಯಾರೆಂದು ಜನರನ್ನು ಕೇಳಿದಾಗ, ಅವರು ಆರಿಸಿದ್ದು 1986ರಲ್ಲಿ ತೀರಿಕೊಂಡಿದ್ದ ಟಾಮಿ ಡಗ್ಲಸರನ್ನು. ಆದರೆ ಈ ಕೆಲಸವು ಒಬ್ಬರಿಂದಾದುದಲ್ಲ. ವೈದ್ಯರೊಬ್ಬರನ್ನು ಉಳಿಸಿಕೊಳ್ಳಲು ತೆರಿಗೆ ತೆತ್ತ ರೈತರು, ನಿಂದೆಯನ್ನು ನುಂಗಿ ನಿಂತ ಲಾಯ್ಡ್, ಪಕ್ಷಭೇದವನ್ನು ಬದಿಗಿಟ್ಟ ಪ್ರಧಾನಿಗಳು, ಕೊನೆಗೆ ಒಪ್ಪಂದಕ್ಕೆ ಕೈಚಾಚಿದ ವೈದ್ಯರು, ಇವರೆಲ್ಲರ ಪಾಲೂ ಅದರಲ್ಲಿದೆ. ಆರೋಗ್ಯವಂತನು ಇಂದು ಕೊಡುವುದು ರೋಗಿಗಾಗಿ. ಆದರೆ ನಾಳೆಯ ರೋಗಿ ಯಾರೆಂಬುದನ್ನು ಬಲ್ಲವರಿಲ್ಲ. ಆದುದರಿಂದ ಎಲ್ಲರೂ ಕೂಡಿ ಹೊರುವ ಹೊರೆಯು ಪರೋಪಕಾರವೂ ಹೌದು, ಆತ್ಮರಕ್ಷಣೆಯೂ ಹೌದು. ಈ ವಿವೇಕವುಳ್ಳ ಸಮಾಜದಲ್ಲಿ ರೋಗಿಯು ಇನ್ನೊಬ್ಬರ ಮುಂದೆ ಕೈಯೊಡ್ಡಬೇಕಾಗಿಲ್ಲ. ತಲೆಯೆತ್ತಿ ಆಸ್ಪತ್ರೆಯ ಬಾಗಿಲನ್ನು ಪ್ರವೇಶಿಸಬಲ್ಲನು.